ಹಲಗೆ, ಅಡಿಪಟ್ಟಿ, ಬೆಳಗಿನ ಏಳು ಗಂಟೆ: ಅಮೆರಿಕದಲ್ಲಿ ಹಿಮ ಅಳೆದು ಕೊಡುವವರ ಕೆಲಸ

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಳೆಯ ಮಾತೆಲ್ಲ ಇಂಚು, ಸೆಂಟಿನಲ್ಲಿ. ಹೂಮಳೆಯ ದಿನಗಳಲ್ಲಂತೂ “ನಮ್ಮಲ್ಲಿ ಒಂದು ಇಂಚು ಇಪ್ಪತ್ತು ಸೆಂಟು, ನಿಮ್ಮಲ್ಲೆಷ್ಟು?” ಎಂಬ ಫೋನು ತೋಟದಿಂದ ತೋಟಕ್ಕೆ ಓಡಾಡುತ್ತದೆ. ಸೆಂಟು ಎಂದರೆ ಇಂಚಿನ ನೂರನೇ ಒಂದು ಪಾಲು. ಬೆಳಗ್ಗೆ ಎದ್ದು ಮಳೆಮಾಪಕ ನೋಡಿ ಡೈರಿಯಲ್ಲಿ ಬರೆದಿಡುವುದು ಅಲ್ಲಿ ತಲೆಮಾರುಗಳ ಅಭ್ಯಾಸ.

ಅಮೆರಿಕದಲ್ಲಿ ಸಾವಿರಾರು ಜನ ಇದೇ ಕೆಲಸವನ್ನು, ಇದೇ ನೂರನೇ ಪಾಲಿನ ಲೆಕ್ಕದಲ್ಲಿ, ಚಳಿಗಾಲದ ಹಿಮಕ್ಕೂ ಮಾಡುತ್ತಾರೆ. ಸಂಬಳ ಇಲ್ಲ. ಅವರು ಕಳಿಸಿದ ಅಂಕಿಗಳು ಅಂದೇ ಬೆಳಗ್ಗೆ ಅಲ್ಲಿನ ರಾಷ್ಟ್ರೀಯ ಹವಾಮಾನ ಸೇವೆಯ ಮುನ್ಸೂಚಕರ ಮೇಜಿಗೆ ಬರುತ್ತವೆ. ನ್ಯೂಜೆರ್ಸಿಯಿಂದ ಮಿನ್ನೆಸೋಟದವರೆಗಿನ ಕನ್ನಡದ ಮನೆಗಳಲ್ಲಿ ಪ್ರತಿ ಚಳಿಗಾಲವೂ ಕೇಳಿಬರುವ ದೂರೊಂದಿದೆ: “ಆರು ಇಂಚು ಅಂದಿದ್ದರು, ನಮ್ಮ ಬೀದಿಯಲ್ಲಿ ಎರಡೂ ಬೀಳಲಿಲ್ಲ.” ಆ ಬೀದಿಯಲ್ಲಿ ನಿಜಕ್ಕೂ ಎಷ್ಟು ಬಿತ್ತೆಂದು ಯಾರಾದರೂ ಸರಿಯಾಗಿ ಅಳೆದು ಹೇಳಿದರೆ ಮಾತ್ರ ಮುನ್ಸೂಚನೆ ಎಲ್ಲಿ ತಪ್ಪಿತು ಎಂಬುದು ಗೊತ್ತಾಗುತ್ತದೆ. ಆದರೆ ಹಿಮವನ್ನು ಸರಿಯಾಗಿ ಅಳೆಯುವುದು ಮಳೆ ಅಳೆದಷ್ಟು ಸಲೀಸಲ್ಲ.

ರಾಡಾರ್ ಇರುವಾಗ ಅಡಿಪಟ್ಟಿ ಏಕೆ?

ರಾಡಾರ್ ಕಿರಣ ನೆಲವನ್ನು ಸವರಿಕೊಂಡು ಹೋಗುವುದಿಲ್ಲ. ಕಟ್ಟಡ, ಗುಡ್ಡಗಳಿಗೆ ತಾಗದಿರಲೆಂದು ಅದನ್ನು ಕೊಂಚ ಮೇಲಕ್ಕೆ, ಸಾಮಾನ್ಯವಾಗಿ ಅರ್ಧ ಡಿಗ್ರಿಯಷ್ಟು ಎತ್ತಿರುತ್ತಾರೆ. ಅತ್ತ ಭೂಮಿಯ ಮೈ ಬಾಗುತ್ತಾ ಕೆಳಗಿಳಿಯುತ್ತದೆ. ಹೀಗಾಗಿ 160 ಕಿ.ಮೀ. ದಾಟುವ ಹೊತ್ತಿಗೆ ಕಿರಣ ನೆಲದಿಂದ ಸುಮಾರು 3 ಕಿ.ಮೀ. ಮೇಲಿರುತ್ತದೆ. ಗುಡುಗು ಮಳೆಯ ಮೋಡ ಅದಕ್ಕಿಂತ ಎಷ್ಟೋ ಎತ್ತರ ಬೆಳೆಯುವುದರಿಂದ ಸಿಕ್ಕಿಬೀಳುತ್ತದೆ. ಹಿಮ ಸುರಿಸುವ ಮೋಡ ಹಲವು ಸಲ ಗಿಡ್ಡ. ಕಿರಣ ಅದರ ನೆತ್ತಿಯ ಮೇಲೇ ಹಾದುಹೋಗುತ್ತದೆ. ಹಿಮದ ಹರಳು ನೀರ ಹನಿಯಷ್ಟು ಚೆನ್ನಾಗಿ ರಾಡಾರಿನ ಅಲೆಯನ್ನು ಮರಳಿ ಕಳಿಸುವುದೂ ಇಲ್ಲ. ವಿಮಾನ ನಿಲ್ದಾಣಗಳ ಸ್ವಯಂಚಾಲಿತ ಯಂತ್ರಗಳು ಗಾಳಿ, ಉಷ್ಣಾಂಶ, ಎಷ್ಟು ದೂರ ಕಾಣುತ್ತದೆ ಎಂಬುದನ್ನೆಲ್ಲ ಹೇಳುತ್ತವೆ. ‘ಹೊಸದಾಗಿ ಬಿದ್ದ ಹಿಮ ಎಷ್ಟು ಇಂಚು’ ಎಂಬುದಕ್ಕೆ ಇಂದಿಗೂ ಮನುಷ್ಯನೇ ಬೇಕು.

ಅದರ ಮೇಲೆ, ಹಿಮ ಪಟ್ಟಿ ಪಟ್ಟಿಯಾಗಿ ಬೀಳುತ್ತದೆ. ಈರಿ, ಒಂಟಾರಿಯೊದಂಥ ದೊಡ್ಡ ಸರೋವರಗಳ ಮೇಲೆ ಕೊರೆಯುವ ಗಾಳಿ ಹಾಯ್ದಾಗ ನೀರಿನ ಬಿಸುಪು, ತೇವ ಎರಡನ್ನೂ ಹೀರಿಕೊಂಡು ಆಚೆ ದಡದಲ್ಲಿ ಸುರಿದುಬಿಡುತ್ತದೆ. 2014ರ ನವೆಂಬರಿನಲ್ಲಿ ಬಫಲೊ ನಗರದ ಪೂರ್ವದ ಕೆಲವು ಕಡೆ 5 ಅಡಿಗೂ ಮೀರಿ ಹಿಮ ಬಿತ್ತು. ಉತ್ತರಕ್ಕೆ ಕೆಲವೇ ಮೈಲಿ ಹೋದರೆ ಕೆಲವೇ ಇಂಚು. ಹಳೇ ಮಾತಿನಂತೆ ಎತ್ತಿನ ಒಂದು ಕೋಡಿಗೆ ಮಳೆ, ಇನ್ನೊಂದಕ್ಕೆ ಬಿಸಿಲು. ಇಂಥಲ್ಲಿ ಊರಿಗೊಂದು ಅಳತೆ ಸಾಲದು.

ಎರಡು ಜಾಲಗಳು

ಹಳೆಯದು ಹವಾಮಾನ ಸೇವೆಯ ಸಹಕಾರಿ ವೀಕ್ಷಕರ ಜಾಲ. 1890ರ ಕಾಯ್ದೆಯ ಬುಡದಲ್ಲಿ ಬೆಳೆದದ್ದು. ಇಲ್ಲಿ ಸಲಕರಣೆ ಸರ್ಕಾರದ್ದು, ಜಾಗವನ್ನೂ ಅವರೇ ಆರಿಸುತ್ತಾರೆ, ಒಮ್ಮೆ ಒಪ್ಪಿಕೊಂಡರೆ ವರ್ಷಗಟ್ಟಲೆ ಬಿಡದೆ ಮಾಡಬೇಕು. ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಬ್ರಿಜ್‌ಹ್ಯಾಂಪ್ಟನ್ನಿನ ರೈತ ರಿಚರ್ಡ್ ಹೆಂಡ್ರಿಕ್‌ಸನ್ 1930ರಲ್ಲಿ ಶುರುಮಾಡಿ 80 ವರ್ಷ ದಾಟಿಸಿದರು. ಅಷ್ಟು ಸೇವೆಗೆ ಕೊಡಲು ಪ್ರಶಸ್ತಿಯೇ ಇರಲಿಲ್ಲವಾಗಿ ಅವರ ಹೆಸರಲ್ಲೇ ಒಂದನ್ನು ಹೊಸದಾಗಿ ಮಾಡಬೇಕಾಯಿತು.

ಎರಡನೆಯದು ಮನೆಮಂದಿಗೆ ಹತ್ತಿರದ್ದು: ಕೊಕೊರಾಸ್. ಸಮುದಾಯವೇ ಕೂಡಿ ಮಳೆ, ಆಲಿಕಲ್ಲು, ಹಿಮ ಅಳೆಯುವ ಜಾಲ ಎಂಬ ಉದ್ದ ಹೆಸರಿನ ಮೊಟಕು ರೂಪ ಅದು. 1997ರ ಜುಲೈ 28ರಂದು ಕೊಲರಾಡೊದ ಫೋರ್ಟ್ ಕಾಲಿನ್ಸ್ ಪಟ್ಟಣದ ಒಂದು ಭಾಗದಲ್ಲಿ ಕೆಲವೇ ಗಂಟೆಗಳಲ್ಲಿ ಸುಮಾರು ಒಂದು ಅಡಿ ಮಳೆ ಸುರಿದು ಪ್ರವಾಹ ಬಂತು, ಐವರು ಸತ್ತರು. ಅದೇ ಪಟ್ಟಣದ ಬೇರೆ ಭಾಗಗಳಲ್ಲಿ ಸಾಧಾರಣ ಮಳೆ. ನಡುವೆ ಅಳತೆಗಳೇ ಇರಲಿಲ್ಲ. ಮರುವರ್ಷ ಅಲ್ಲಿನ ಕೊಲರಾಡೊ ಹವಾಮಾನ ಕೇಂದ್ರದ ನೋಲನ್ ಡೋಸ್ಕನ್ ಸುತ್ತಲಿನ ನಿವಾಸಿಗಳನ್ನೇ ಸೇರಿಸಿ ಜಾಲ ಕಟ್ಟಿದರು. 2009ರ ಕೊನೆಗೆ ಅದು 50 ರಾಜ್ಯಗಳಿಗೂ ಹಬ್ಬಿತ್ತು. ಈಗ ಕೆನಡಾದಲ್ಲೂ ಇದೆ. ಮುಂದಿನ ಕ್ರಮವೆಲ್ಲ ಹೆಚ್ಚುಕಡಿಮೆ ಈ ಜಾಲದ್ದು.

ಅಳೆಯುವುದು ಒಂದಲ್ಲ, ಮೂರು

ಮಳೆಗೆ ಒಂದೇ ಅಂಕಿ ಸಾಕು. ಹಿಮಕ್ಕೆ ಮೂರು ಬೇಕು, ಮೂರನ್ನೂ ಕಲಸುಮೇಲೋಗರ ಮಾಡಬಾರದು.

ಮೊದಲನೆಯದು ಹೊಸ ಹಿಮ: ಕಳೆದ 24 ಗಂಟೆಯಲ್ಲಿ ಬಿದ್ದದ್ದಷ್ಟೇ. ಇಂಚಿನ ಹತ್ತನೇ ಪಾಲಿನವರೆಗೆ ಬರೆಯಬೇಕು. ಎರಡನೆಯದು ಒಟ್ಟು ಆಳ: ಹಳೆಯದು ಹೊಸದು ಕೂಡಿ ಈಗ ನೆಲದ ಮೇಲೆ ಎಷ್ಟು ನಿಂತಿದೆ. ಇದಕ್ಕೆ ಅರ್ಧ ಇಂಚಿನ ನಿಖರತೆ ಸಾಕು. ಮೂರನೆಯದು ನೀರು: ಬಿದ್ದ ಹಿಮ ಕರಗಿದರೆ ಎಷ್ಟು ಮಳೆಗೆ ಸಮ. ಇದು ಇಂಚಿನ ನೂರನೇ ಪಾಲಿನವರೆಗೆ, ತೋಟದವರ ಸೆಂಟಿನ ಲೆಕ್ಕ.

ಮೂರನೆಯದು ಏಕೆಂದು ತಿಳಿಯಲು ಕಡಲೆಪುರಿಯನ್ನು ನೆನೆಯಿರಿ. ಒಂದು ಸೇರು ಅಕ್ಕಿಯೂ ಒಂದು ಸೇರು ಪುರಿಯೂ ಪಾತ್ರೆಯಲ್ಲಿ ಒಂದೇ ಎತ್ತರ. ತಕ್ಕಡಿಗಿಟ್ಟರೆ ಹೋಲಿಕೆಯೇ ಇಲ್ಲ. ಹಿಮವೂ ಹಾಗೆ. 10 ಇಂಚು ಹಿಮಕ್ಕೆ 1 ಇಂಚು ನೀರು ಎನ್ನುವುದು ಬಾಯಿಲೆಕ್ಕ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಬೀಳುವ ಒದ್ದೆ ಹಿಮದಲ್ಲಿ ಐದೇ ಇಂಚಿಗೆ ಅಷ್ಟು ನೀರಿರಬಹುದು. ಕಡುಚಳಿಯಲ್ಲಿ ಬೀಳುವ ಪುಡಿಹಿಮದಲ್ಲಿ ಅದಕ್ಕೆ 20, ಕೆಲವೊಮ್ಮೆ 30 ಇಂಚು ಬೇಕಾದೀತು. 1 ಇಂಚು ನೀರೆಂದರೆ ಪ್ರತಿ ಚದರ ಮೀಟರಿಗೆ 25 ಕಿಲೋಗೂ ತುಸು ಹೆಚ್ಚು ಭಾರ. 100 ಚದರ ಮೀಟರಿನ ಚಾವಣಿಯ ಮೇಲೆ 2 ಇಂಚು ನೀರಿನಷ್ಟು ಹಿಮ ಕೂತರೆ 5 ಟನ್. ಚಾವಣಿ ಕುಸಿಯುವುದು, ಮಾರ್ಚ್ ಏಪ್ರಿಲ್‌ನಲ್ಲಿ ಹೊಳೆ ಉಕ್ಕುವುದು, ಎರಡನ್ನೂ ತೀರ್ಮಾನಿಸುವುದು ಈ ನೀರೇ ಹೊರತು ನೋಡಲು ಕಾಣುವ ಎತ್ತರವಲ್ಲ.

ಸಾಮಾನು ಮತ್ತು ಜಾಗ

ಮೂರು ಸಾಮಾನು ಸಾಕು: ಒಂದು ಮಳೆಮಾಪಕ, ಒಂದು ಬಿಳಿ ಹಲಗೆ, ಒಂದು ಅಡಿಪಟ್ಟಿ.

ಮಳೆಮಾಪಕ 4 ಇಂಚು ಬಾಯಿಯ, ಪ್ಲಾಸ್ಟಿಕ್ಕಿನ, ಕೈಯಿಂದ ಓದುವಂಥದ್ದು. ಹೊರಗೊಂದು ದೊಡ್ಡ ಕೊಳವೆ, ಒಳಗೊಂದು ಸಣ್ಣ ಕೊಳವೆ, ಮೇಲೊಂದು ಆಲಿಕೆ. ಒಳಗೊಳವೆಯ ಅಡ್ಡಗಲದ ವಿಸ್ತೀರ್ಣ ಬಾಯಿಯ ಹತ್ತನೇ ಒಂದು ಪಾಲು ಇರುವುದರಿಂದ 1 ಇಂಚು ಮಳೆ ಅದರಲ್ಲಿ 10 ಇಂಚು ಎತ್ತರ ನಿಲ್ಲುತ್ತದೆ. ನೂರನೇ ಪಾಲನ್ನು ಬರಿಗಣ್ಣಿಗೆ ಓದಲು ಆಗುವುದು ಅದಕ್ಕೇ. ಹಿಮದ ಕಾಲ ಬಂತೆಂದರೆ ಆಲಿಕೆ, ಒಳಗೊಳವೆ ಎರಡನ್ನೂ ಮನೆಯೊಳಗೆ ತಂದಿಡಬೇಕು. ಬಿಟ್ಟರೆ ಆಲಿಕೆಯ ತೂತು ಹಿಮದಿಂದ ಮುಚ್ಚಿಕೊಳ್ಳುತ್ತದೆ, ಒಳಗೊಳವೆಯಲ್ಲಿ ನಿಂತ ನೀರು ಹೆಪ್ಪುಗಟ್ಟಿ ಉಬ್ಬಿ ಅದನ್ನು ಸೀಳುತ್ತದೆ. ಹೊರಗೊಳವೆ ಒಂದೇ ಬಾಯ್ತೆರೆದು ನಿಂತಿರಲಿ.

ಹಲಗೆ ಪ್ಲೈವುಡ್ಡಿನದು, 16 ಅಥವಾ 24 ಇಂಚಿನ ಚೌಕ, ಅರ್ಧ ಇಂಚು ದಪ್ಪ, ಬಿಳಿ ಬಣ್ಣ ಬಳಿದದ್ದು. ಬಿಳಿ ಏಕೆಂದರೆ ಗಾಢ ಬಣ್ಣ ಬಿಸಿಲು ಹೀರಿ ಹಿಮವನ್ನು ಬುಡದಿಂದಲೇ ಕರಗಿಸುತ್ತದೆ. ಹುಲ್ಲಿನ ಮೇಲೆ ನೇರವಾಗಿ ಅಳೆದರೆ ಆಗದೇ? ಹುಲ್ಲಿನ ಎಸಳುಗಳು ಹಿಮವನ್ನು ಎತ್ತಿಹಿಡಿಯುತ್ತವೆ, ಅಡಿಪಟ್ಟಿ ಮಾತ್ರ ಮಣ್ಣಿನವರೆಗೆ ಇಳಿಯುತ್ತದೆ. ಒಂದಿಂಚು ಸುಳ್ಳೇ ಸೇರಿಕೊಳ್ಳುತ್ತದೆ. ಡಾಂಬರು, ಕಾಂಕ್ರೀಟಿನಲ್ಲಿ ಉಳಿದ ಬಿಸಿ ಕರಗಿಸುತ್ತದೆ. ಕಾರಿನ ಬಾನೆಟ್ಟು, ಡೆಕ್ಕಿನ ಕಟಕಟೆ ಫೋಟೊಗೆ ಚೆಂದ, ಅಳತೆಗಲ್ಲ.

ಹಲಗೆಯ ಪಕ್ಕ ಬಾವುಟ ಕಟ್ಟಿದ ಉದ್ದನೆಯ ಕಡ್ಡಿ ನೆಡಿ. ಇದು ಅಲಂಕಾರಕ್ಕಲ್ಲ. 2016ರ ಜನವರಿಯ ದೊಡ್ಡ ಹಿಮಬಿರುಗಾಳಿಯಲ್ಲಿ ವಾಷಿಂಗ್ಟನ್‌ನ ರೇಗನ್ ವಿಮಾನ ನಿಲ್ದಾಣದಲ್ಲಿ ಹಲಗೆಯೇ ಹಿಮದಡಿ ಹೂತು ಸಿಗದೆ ಹೋಯಿತು. ನೆಲದ ಮೇಲಿನ ಆಳವನ್ನೇ ಹಲವು ಕಡೆ ಅಳೆದು 17.8 ಇಂಚು ಎಂದರು. ಆ ಅಂಕಿಯ ಬಗ್ಗೆ ಎದ್ದ ಪ್ರಶ್ನೆಗಳಿಗೆ ಹವಾಮಾನ ಸೇವೆ ಪರಿಶೀಲನೆಯನ್ನೇ ನಡೆಸಬೇಕಾಯಿತು.

ಜಾಗಕ್ಕೆ ಒಂದು ಸರಳ ನಿಯಮ: ಮರವೋ ಮನೆಯೋ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಿ ಮಾಪಕ ಇರಲಿ. ಮನೆಗಳು ಒತ್ತೊತ್ತಾಗಿರುವಲ್ಲಿ ಇದು ಕಷ್ಟ, ಆದಷ್ಟು ಮಾಡುವುದು. ಪೂರಾ ಬಟಾಬಯಲೂ ಒಳ್ಳೆಯದಲ್ಲ. ಗಾಳಿ ಮಾಪಕದ ಬಾಯಿಯ ಮೇಲೆ ಚಿಮ್ಮಿ ಹಿಮವನ್ನು ಆಚೆ ಒಯ್ಯುತ್ತದೆ. ದೂರದಲ್ಲೊಂದು ಪೊದೆಸಾಲು ಇದ್ದರೆ ಅನುಕೂಲ.

ಅಡಿಪಟ್ಟಿ ಕೊಳ್ಳುವಾಗ ಎರಡು ಗಮನಿಸಿ. ಅಂಚಿನಿಂದಲೇ ಸೊನ್ನೆ ಶುರುವಾಗಬೇಕು. ಶಾಲೆಯ ಪಟ್ಟಿಗಳಲ್ಲಿ ಸೊನ್ನೆಗೆ ಮೊದಲು ಕಾಲಿಂಚು ಖಾಲಿ ಬಿಟ್ಟಿರುತ್ತಾರೆ. ಇಂಚನ್ನು ಹತ್ತು ಭಾಗ ಮಾಡಿರಬೇಕು, ಹದಿನಾರು ಅಲ್ಲ. ‘ಎರಡೂ ಮುಕ್ಕಾಲು’ ಕಂಡದ್ದನ್ನು 2.3 ಎಂದು ಬರೆಯುವುದು (ಹದಿನಾರರ ಪಟ್ಟಿಯಲ್ಲಿ ಮೂರು ಕಾಲುಗಳೆಂಬ ಲೆಕ್ಕದಲ್ಲಿ) ಹೊಸಬರ ತಪ್ಪು. ಸರಿ ಅಂಕಿ 2.8.

ಬೆಳಗ್ಗೆ ಏಳಕ್ಕೆ

ಭಾರತದ ಹವಾಮಾನ ಇಲಾಖೆಯ ಮಳೆದಿನ ಬೆಳಗ್ಗೆ 8.30ಕ್ಕೆ ಮುಗಿಯುವಂತೆ ಈ ಜಾಲದ ದಿನ ಸ್ಥಳೀಯ ಬೆಳಗ್ಗೆ 7ಕ್ಕೆ ಮುಗಿಯುತ್ತದೆ. ಇಂದಿನ ತಾರೀಖಿನಲ್ಲಿ ಬರೆಯುವುದು ನಿನ್ನೆ ಏಳರಿಂದ ಇಂದು ಏಳರವರೆಗಿನದ್ದು. ಜನವರಿಯಲ್ಲಿ ಅಷ್ಟು ಹೊತ್ತಿಗೆ ಹಲವು ಊರುಗಳಲ್ಲಿ ಇನ್ನೂ ಕತ್ತಲೆ, ಟಾರ್ಚು ಬೇಕು.

ಅಡಿಪಟ್ಟಿಯನ್ನು ನೆಟ್ಟಗೆ ಹಲಗೆ ತಾಗುವವರೆಗೆ ಇಳಿಸಿ. ಒಂದೇ ಕಡೆ ನೋಡಿ ಎದ್ದುಬರಬೇಡಿ, ಮೂರ್ನಾಲ್ಕು ಕಡೆ ಇಳಿಸಿ ಸರಾಸರಿ ತೆಗೆಯಿರಿ. ಓದಿ ಬರೆದಾದ ಮೇಲೆ ಹಲಗೆಯನ್ನು ಗುಡಿಸಿ, ಹಿಮದ ಮೇಲ್ಮಟ್ಟಕ್ಕೆ ಸರಿಯಾಗಿ ಮತ್ತೆ ಹಾಸಿ. ಗುಂಡಿಯೊಳಗೆ ಬಿಟ್ಟರೆ ಸುತ್ತಲಿನದು ಹಾರಿಬಂದು ತುಂಬಿಕೊಳ್ಳುತ್ತದೆ. ಒಟ್ಟು ಆಳವನ್ನು ಮಾತ್ರ ಹಲಗೆಯ ಮೇಲಲ್ಲ, ಗುಡಿಸದ ನೆಲದಲ್ಲಿ ಅಳೆಯಬೇಕು.

ಗಾಳಿ ಬಡಿದ ದಿನ ಹಲಗೆಯ ಮೇಲೆ ಏನೂ ಉಳಿದಿರುವುದಿಲ್ಲ, ಬೇಲಿಯ ಬುಡದಲ್ಲಿ ಸೊಂಟದೆತ್ತರ ಗುಡ್ಡೆ. ಆಗ ಗುಡ್ಡೆಯನ್ನೂ ಬರಿದಾದ ಕಡೆಯನ್ನೂ ಬಿಟ್ಟು, ಸಾಧಾರಣವಾಗಿ ಕಾಣುವ ಐದಾರು ಕಡೆ ಅಳೆದು ಸರಾಸರಿ ಹಿಡಿಯುವುದೇ ದಾರಿ.

ರಾತ್ರಿ ಹತ್ತಕ್ಕೆ 3 ಇಂಚು ಬಿದ್ದು, ಆಮೇಲೆ ಮಳೆಯಾಗಿ ಬೆಳಗ್ಗೆ ಹಲಗೆ ಖಾಲಿಯಾಗಿದ್ದರೆ? ಹೊಸ ಹಿಮ 3 ಇಂಚೇ, ಸೊನ್ನೆಯಲ್ಲ. ಕರಗುವ ಮುಂಚೆ ಅತಿ ಹೆಚ್ಚು ಎಷ್ಟು ನಿಂತಿತ್ತೋ ಅದು ಲೆಕ್ಕ. ಆದ್ದರಿಂದ ಹಿಮ ನಿಂತ ಕೂಡಲೇ ಒಮ್ಮೆ ಹೊರಗೆ ಹೋಗಿ ನೋಡಿಟ್ಟುಕೊಳ್ಳುವವರ ಅಂಕಿಗಳೇ ಹೆಚ್ಚು ನಂಬಿಕೆಯವು. ಹೆಪ್ಪುಗಟ್ಟಿದ ಸಣ್ಣ ಮಂಜುಗುಂಡುಗಳು ಬಿದ್ದರೆ ಅವೂ ಹಿಮದ ಲೆಕ್ಕಕ್ಕೆ ಸೇರುತ್ತವೆ. ಆಲಿಕಲ್ಲು ಸೇರುವುದಿಲ್ಲ, ನೆಲಕ್ಕೆ ತಾಗಿ ಗಾಜಿನಂತೆ ಕಟ್ಟುವ ಮಳೆಯೂ ಸೇರುವುದಿಲ್ಲ.

ಒಲೆಯಿಲ್ಲದೆ ಕರಗಿಸುವುದು

ಹೊರಗೊಳವೆಯನ್ನು ಒಳಗೆ ತನ್ನಿ. ಒಳಗೊಳವೆಯಲ್ಲಿ ನಲ್ಲಿಯ ಬೆಚ್ಚನೆ ನೀರನ್ನು 0.75 ಗೀಟಿನವರೆಗೆ ಹಿಡಿದು, ಅಂಕಿ ಬರೆದುಕೊಂಡು, ಹಿಮದ ಮೇಲೆ ಸುರಿಯಿರಿ. ಕುದಿನೀರು ಬೇಡ, ತಣ್ಣನೆ ಪ್ಲಾಸ್ಟಿಕ್ ಟಪ್ಪೆಂದು ಬಿರುಕು ಬಿಡುತ್ತದೆ. ಪೂರಾ ಕರಗಿದ ಮೇಲೆ ಆಲಿಕೆ ಇಟ್ಟು ಒಳಗೊಳವೆಗೆ ಬಸಿಯಿರಿ. ಒಳಗೊಳವೆ ಹಿಡಿಯುವುದು 1.00 ಇಂಚು, ಉಳಿದದ್ದನ್ನು ಎರಡನೇ ಸಲ ಅಳೆಯಬೇಕು. ಮೊದಲು 1.00, ಆಮೇಲೆ 0.17 ಬಂತೆನ್ನಿ. ಒಟ್ಟು 1.17ರಲ್ಲಿ ನೀವು ಸುರಿದ 0.75 ಕಳೆದರೆ 0.42 ಇಂಚು. ಹಲಗೆಯ ಮೇಲೆ 5.1 ಇಂಚು ಹಿಮ ಇದ್ದಿದ್ದರೆ ಇದು 12ಕ್ಕೆ 1ರ ಹಿಮ, ಪುರಿಯ ಕಡೆಗೆ ತುಸು ವಾಲಿದ್ದು. ಕಳೆಯಲು ಮರೆತು 1.17 ಎಂದು ಕಳಿಸುವವರು ಪ್ರತಿ ವರ್ಷವೂ ಇರುತ್ತಾರೆ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಕರಗಿಸುವ ಗೋಜೇ ಬೇಡ. 4 ಇಂಚು ಬಾಯಿಯ ಕೊಳವೆಯಲ್ಲಿ 1 ಇಂಚು ನೀರು ಸುಮಾರು 206 ಗ್ರಾಂ. ಖಾಲಿ ಕೊಳವೆಯ ತೂಕ ಮೊದಲೇ ಬರೆದಿಟ್ಟುಕೊಂಡು, ಹೊರಗಿನ ತೇವ ಒರೆಸಿ, ತೂಗಿ ಕಳೆದು, 206ರಿಂದ ಭಾಗಿಸಿ. ಮೇಲಿನ 0.42 ಇಂಚು ಇಲ್ಲಿ 86, 87 ಗ್ರಾಂ ಆಗಿ ಕಾಣಿಸುತ್ತದೆ.

ಗಾಳಿಯ ದಿನ ಮಾಪಕದೊಳಗೆ ಬೀಳಬೇಕಾದ್ದರಲ್ಲಿ ಒಂದು ಪಾಲಷ್ಟೇ ಬಿದ್ದಿರುತ್ತದೆ. ಹಲಗೆಯ ಮೇಲೆ 6 ಇಂಚಿದ್ದು ಕೊಳವೆಯಲ್ಲಿ ಎರಡು ಬೆರಳಷ್ಟೇ ಕಂಡರೆ ಅದನ್ನು ಚೆಲ್ಲಿ, ಹೊರಗೊಳವೆಯನ್ನು ಬೋರಲು ಹಾಕಿ ಹಲಗೆಯ ಮೇಲಿನ ಹಿಮಕ್ಕೆ ನೆಟ್ಟಗೆ ಒತ್ತಿ. ದೋಸೆ ಮಗುಚುವ ಕೈಯನ್ನು ಅಡಿಗೆ ತೂರಿಸಿ ಅಲ್ಲಾಡದಂತೆ ತಿರುಗಿಸಿದರೆ ದುಂಡನೆ ಕಂಬದಂತೆ ಹಿಮ ಕೊಳವೆಯೊಳಗೆ ಬರುತ್ತದೆ. ಕರಗಿಸಬೇಕಾದದ್ದು ಅದನ್ನು.

77 ಇಂಚು ದಾಖಲೆಯಾಗದ ಕತೆ

1997ರ ಜನವರಿ 11, 12ರಂದು ನ್ಯೂಯಾರ್ಕ್ ರಾಜ್ಯದ ಮೊಂಟೇಗ್ ಎಂಬಲ್ಲಿ ಸ್ವಯಂಸೇವಕ ವೀಕ್ಷಕರೊಬ್ಬರು 24 ಗಂಟೆಯಲ್ಲಿ 77 ಇಂಚು ಹಿಮ ಅಳೆದರು. ಆಗ ದೇಶದ ದಾಖಲೆಯೆಂದು ಹೇಳುತ್ತಿದ್ದುದು 1921ರ ಏಪ್ರಿಲ್‌ನಲ್ಲಿ ಕೊಲರಾಡೊದ ಸಿಲ್ವರ್ ಲೇಕ್‌ನಲ್ಲಿ ಬಿದ್ದ 75.8 ಇಂಚು. ಪರಿಶೀಲಿಸಿದ ಸಮಿತಿ 77ನ್ನು ದಾಖಲೆಯೆಂದು ಒಪ್ಪಲಿಲ್ಲ. ವೀಕ್ಷಕರು ಸುಳ್ಳು ಹೇಳಿದ್ದರೆಂದಲ್ಲ. 24 ಗಂಟೆಯಲ್ಲಿ ಆರು ಸಲ ಅಳೆದು, ಗುಡಿಸಿ, ಕೂಡಿದ್ದರು. ನಿಯಮದಂತೆ ಆರು ಗಂಟೆಗೊಮ್ಮೆ, ಹೆಚ್ಚೆಂದರೆ ನಾಲ್ಕು ಸಲ.

ಸಲ ಹೆಚ್ಚಾದರೆ ಹಿಮ ಹೆಚ್ಚಾಗುತ್ತದೆಯೇ? ಲೆಕ್ಕದಲ್ಲಿ ಹೌದು. ಡಬ್ಬಕ್ಕೆ ಅವಲಕ್ಕಿ ತುಂಬುವಾಗ ಕುಕ್ಕಿದಷ್ಟೂ ಅದು ಕೆಳಗಿಳಿಯುತ್ತದೆ. ಹಿಮದ ಹರಳುಗಳೂ ಮೇಲಿನ ಭಾರಕ್ಕೆ ಮುರಿದು, ಒಂದರೊಳಗೊಂದು ಕೂತು ತಗ್ಗುತ್ತವೆ. ಗಂಟೆಗೊಮ್ಮೆ ಗುಡಿಸಿದರೆ ಯಾವ ಪದರಕ್ಕೂ ತಗ್ಗಲು ಪುರಸೊತ್ತಿಲ್ಲ. ಕೂಡಿದ ಮೊತ್ತ ಉಬ್ಬುತ್ತದೆ. ದಿನಕ್ಕೊಮ್ಮೆ ಅಳೆದದ್ದಕ್ಕೂ ಗಂಟೆಗೊಮ್ಮೆ ಅಳೆದು ಕೂಡಿದ್ದಕ್ಕೂ ಹೋಲಿಕೆ ಕೂಡುವುದಿಲ್ಲ. ನೀರಿನ ಅಂಕಿಗೆ ಈ ಕಾಟವಿಲ್ಲ: ಎಷ್ಟು ಸಲ ಅಳೆದರೂ ಕರಗಿದ ನೀರು ಅಷ್ಟೇ. ಮೂರರಲ್ಲಿ ಜಗಳಕ್ಕೆ ಸಿಗದ ಅಂಕಿ ಅದೊಂದೇ ಎನ್ನಬಹುದು.

ಸೊನ್ನೆ, ‘ಟಿ’ ಮತ್ತು ಖಾಲಿ

ಹಿಮ ಬಿದ್ದದ್ದು ಕಣ್ಣಿಗೆ ಕಂಡಿದೆ, ಆದರೆ ಇಂಚಿನ ಹತ್ತನೇ ಒಂದು ಪಾಲಿಗೂ ಕಡಿಮೆ: ಅಂಕಿಯ ಬದಲು ‘ಟಿ’ ಎಂದು ಹಾಕಬೇಕು, ಲೇಶಮಾತ್ರ ಎಂಬರ್ಥದಲ್ಲಿ. ನೀರಿಗೆ 0.01 ಇಂಚಿಗಿಂತ, ಒಟ್ಟು ಆಳಕ್ಕೆ ಅರ್ಧ ಇಂಚಿಗಿಂತ ಕಡಿಮೆಯಾದಾಗಲೂ ‘ಟಿ’. ಏನೂ ಬೀಳದ ದಿನ ಸೊನ್ನೆ ಕಳಿಸಬೇಕು. ಬೀಳದ್ದನ್ನೇನು ಕಳಿಸುವುದು ಎಂದು ಬಿಟ್ಟವರ ಮನೆ ನಕ್ಷೆಯಲ್ಲಿ ಖಾಲಿ ಉಳಿಯುತ್ತದೆ. ಅಲ್ಲಿ ಬಿದ್ದಿಲ್ಲವೋ ನೋಡಿಲ್ಲವೋ ಮುನ್ಸೂಚಕರಿಗೆ ತಿಳಿಯದು. ಹಿಮದ ಪಟ್ಟಿ ಎಲ್ಲಿಗೆ ಮುಗಿಯಿತೆಂದು ಗೆರೆ ಎಳೆಯುವುದು ಸೊನ್ನೆಗಳ ಆಧಾರದಲ್ಲೇ.

ಅಂಕಿ ಹೋಗುವುದೆಲ್ಲಿಗೆ, ಸೇರುವುದು ಹೇಗೆ

ಸ್ಥಳೀಯ ಕಚೇರಿ ತಾನು ಕೊಟ್ಟ ಎಚ್ಚರಿಕೆ ನಿಜವಾಯಿತೇ ಎಂದು ಇವುಗಳೊಂದಿಗೆ ತಾಳೆ ನೋಡುತ್ತದೆ, ಬೀಳುತ್ತಿರುವಾಗಲೇ ಬಂದ ವರದಿಯಿಂದ ಎಚ್ಚರಿಕೆಯನ್ನು ಏರಿಸಿ ಇಳಿಸುತ್ತದೆ. ಹೊಳೆಗಳ ಮುನ್ಸೂಚನೆ ಮಾಡುವವರಿಗೆ ನೀರಿನ ಅಂಕಿ ಬೇಕು. ಮಿನ್ನೆಸೋಟದ ಚಾನ್‌ಹ್ಯಾಸನ್‌ನಲ್ಲಿರುವ ಹಿಮದ ಜಲಲೆಕ್ಕದ ರಾಷ್ಟ್ರೀಯ ಕೇಂದ್ರ ಉಪಗ್ರಹ, ವಿಮಾನಗಳ ಮಾಹಿತಿಯ ಜೊತೆ ನೆಲದ ಅಳತೆಗಳನ್ನೂ ಸೇರಿಸಿ ದೇಶದ ಹಿಮದಲ್ಲಿ ನೀರೆಷ್ಟಿದೆ ಎಂದು ಲೆಕ್ಕ ಹಾಕುತ್ತದೆ. ಇದಕ್ಕೆಂದೇ ನೆಲದಲ್ಲಿ ಕೂತ ಒಟ್ಟು ಹಿಮವನ್ನು ಕೊರೆದು ತೆಗೆದು ನೀರು ಅಳೆಯುವ ಕೆಲಸಕ್ಕೆ ಸ್ವಯಂಸೇವಕರು ಸೋಮವಾರವನ್ನು ಮೀಸಲಿಡುತ್ತಾರೆ.

ಸೇರಲು ಜಾಲದ ತಾಣದಲ್ಲಿ ವಿಳಾಸ ಕೊಟ್ಟು ನೋಂದಾಯಿಸಿ, ತರಬೇತಿಯ ಪಾಠ ನೋಡಿ, ಆ ಮಾದರಿಯ ಮಾಪಕವನ್ನೇ ಕೊಳ್ಳಬೇಕು. ಬೇರೆ ಅಳತೆಯದ್ದು ನಡೆಯದು. ನಿಮ್ಮ ಅಂಗಳಕ್ಕೊಂದು ಕೇಂದ್ರ ಸಂಖ್ಯೆ ಸಿಗುತ್ತದೆ. ಅಪಾರ್ಟ್‌ಮೆಂಟಿನಲ್ಲಿದ್ದು ಅಂಗಳವೇ ಇಲ್ಲದವರಿಗೆ ಎಂಪಿಂಗ್ ಎಂಬ ಮೊಬೈಲ್ ಆ್ಯಪ್ ಇದೆ. ಅದರಲ್ಲಿ ಇಂಚು ಬೇಡ, ಈಗ ಬೀಳುತ್ತಿರುವುದು ಮಳೆಯೋ ಹಿಮವೋ ಮಂಜುಗುಂಡೋ ಎಂದು ಒತ್ತಿದರೆ ಸಾಕು. ರಾಡಾರ್ ತಡವರಿಸುವುದು ಆ ಗೆರೆಯಲ್ಲೇ ಆದ್ದರಿಂದ ಅದಕ್ಕೂ ಬೆಲೆಯಿದೆ.

ಡಿಸೆಂಬರಿನಲ್ಲಿ ಮೂರು ವಾರ ಊರಿಗೆ ಬಂದು ಹೋಗುವವರು ಒಂದು ತಪ್ಪು ಮಾಡಬಾರದು: ಮರಳಿದ ಮೇಲೆ ತಪ್ಪಿದ ದಿನಗಳಿಗೆ ಸೊನ್ನೆ ತುಂಬುವುದು. ಮಾಪಕದಲ್ಲಿ ಕೂಡಿದ್ದನ್ನು ಕರಗಿಸಿ ‘ಹಲವು ದಿನಗಳ ಮೊತ್ತ’ ಎಂಬ ಬೇರೆ ನಮೂನೆಯಲ್ಲಿ, ಯಾವ ದಿನದಿಂದ ಯಾವ ದಿನದವರೆಗೆ ಎಂದು ಬರೆದು ಕಳಿಸಬಹುದು. ಅದನ್ನು ದಿನದಿನಕ್ಕೆ ಅಂದಾಜಿನಲ್ಲಿ ಹಂಚುವಂತಿಲ್ಲ. ಕೊಳವೆ ತುಂಬಿ ಹೊರಚೆಲ್ಲಿದ್ದರೆ ಅದನ್ನೂ ಕಳಿಸದೆ ಆ ವಾರಗಳನ್ನು ಖಾಲಿ ಬಿಡುವುದೇ ಸರಿ.